ಹಾವೇರಿ ಸೀಮೆಯ ಚುನಾವಣಾ ಪ್ರಚಾರ ಮತ್ತು ಸಾಮಾಜಿಕ ಜಾಲತಾಣ

ಹಾವೇರಿ ಜಿಲ್ಲೆಯ ಚುನಾವಣೆಗಳಲ್ಲಿ ವಾಟ್ಸ್‌ಆ್ಯಪ್, ಫೇಸ್‌ಬುಕ್, ಯೂಟ್ಯೂಬ್, ಇನ್‌ಸ್ಟಾಗ್ರಾಂಗಳು ಪ್ರಚಾರದ ಮುಖ್ಯ ಸಾಧನಗಳಾಗಿ ಬೆಳೆದದ್ದು 2013 ಮತ್ತು 2018ರ ವಿಧಾನಸಭಾ ಚುನಾವಣೆಗಳ ನಡುವಿನ ಐದು ವರ್ಷಗಳಲ್ಲಿ. ಪಕ್ಷ ಅಥವಾ ಅಭ್ಯರ್ಥಿ ತನ್ನ ಬೆಂಬಲಿಗರನ್ನು ಗುರುತಿಸುವುದು, ಅವರನ್ನು ಗುಂಪಾಗಿ ಸೇರಿಸುವುದು, ಸಭೆ–ರ್‍ಯಾಲಿಗಳಿಗೆ ಕರೆಯುವುದು, ಎದುರಾಳಿಯನ್ನು ಹಳಿಯುವುದು, ಕೊನೆಗೆ ಮತಗಟ್ಟೆಯವರೆಗೆ ಕರೆತರುವುದು, ಇಷ್ಟೂ ಕೆಲಸಗಳಲ್ಲಿ ಈಗ ಮೊಬೈಲಿಗೆ ಪಾಲಿದೆ. ಆದರೆ ಈ ಜಿಲ್ಲೆಯ ಮಟ್ಟಿಗೆ ಜಾಲತಾಣ ಹೊಸ ಗುಂಪುಗಳನ್ನು ಹುಟ್ಟಿಸಿದ್ದು ಕಡಿಮೆ. ಮಠ, ಮಾರುಕಟ್ಟೆ, ಹೋರಿ ಹಬ್ಬ, ಸ್ವಸಹಾಯ ಸಂಘಗಳ ಸುತ್ತ ಮೊದಲೇ ಇದ್ದ ಗುಂಪುಗಳ ಮೇಲೆಯೇ ಅದು ಹಬ್ಬಿದೆ. ಇಲ್ಲಿನ ಕೆಲವು ಫಲಿತಾಂಶಗಳು ಹೊರಗಿನವರಿಗೆ ಒಗಟಿನಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯಲ್ಲಿ ಆರು ವಿಧಾನಸಭಾ ಕ್ಷೇತ್ರಗಳಿವೆ: ಹಾವೇರಿ (ಪರಿಶಿಷ್ಟ ಜಾತಿ ಮೀಸಲು), ರಾಣೆಬೆನ್ನೂರು, ಬ್ಯಾಡಗಿ, ಹಿರೇಕೆರೂರು, ಹಾನಗಲ್ಲ, ಶಿಗ್ಗಾವಿ. ಮೊದಲ ಐದು ಕ್ಷೇತ್ರಗಳು ಗದಗ ಜಿಲ್ಲೆಯ ಶಿರಹಟ್ಟಿ, ಗದಗ, ರೋಣಗಳ ಜತೆ ಸೇರಿ ಹಾವೇರಿ ಲೋಕಸಭಾ ಕ್ಷೇತ್ರವಾಗುತ್ತವೆ. ಶಿಗ್ಗಾವಿ ಮಾತ್ರ ಧಾರವಾಡ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಪ್ರಚಾರದ ಗ್ರೂಪು ಕಟ್ಟುವವರಿಗೆ ಈ ಗಡಿರೇಖೆ ಸಣ್ಣ ವಿಷಯವಲ್ಲ. ವಿಧಾನಸಭೆಗೆಂದು ಕಟ್ಟಿದ ಶಿಗ್ಗಾವಿಯ ಗ್ರೂಪು ಲೋಕಸಭೆಯ ಹೊತ್ತಿಗೆ ಹಾವೇರಿ ಅಭ್ಯರ್ಥಿಗೆ ಬರಿಯ ಚಪ್ಪಾಳೆ ಕೊಡಬಲ್ಲದೇ ಹೊರತು ಒಂದು ಮತವನ್ನೂ ಕೊಡಲಾರದು.

ಮೊಬೈಲಿಗಿಂತ ಮೊದಲು

ಜನರನ್ನು ಕೂಡಿಸುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜತೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಆ ಕಾಲದ ಸುದ್ದಿವಾಹಕಗಳೆಂದರೆ ಪ್ರಭಾತಫೇರಿ, ಲಾವಣಿ, ಕದ್ದು ಹಂಚಿದ ಕರಪತ್ರ. ಸ್ವಾತಂತ್ರ್ಯಾನಂತರದ ಚುನಾವಣೆಗಳಲ್ಲಿ ಗೋಡೆಬರಹ, ಜೀಪಿಗೆ ಕಟ್ಟಿದ ಮೈಕು, ಅಗಸಿ ಕಟ್ಟೆಯ ಸಭೆ ಬಂದವು. ಆಮೇಲೆ ಫ್ಲೆಕ್ಸು ಬಂತು. ನಾಯಕರು ಊರಿಗೆ ಬಂದರೆ ಹಾವೇರಿಯ ಏಲಕ್ಕಿ ಮಾಲೆ ಹಾಕಿ ಫೋಟೊ ತೆಗೆಸಿಕೊಳ್ಳುವುದು ಹಳೆಯ ರೂಢಿ. ಮೊದಲು ಆ ಫೋಟೊ ಮನೆಯ ಪಡಸಾಲೆಯ ಗೋಡೆಗೆ ಹೋಗುತ್ತಿತ್ತು, ಈಗ ಮಾಲೆ ಕೊರಳಿಗೆ ಬೀಳುವ ಮೊದಲೇ ಸ್ಟೇಟಸ್ಸಿಗೆ ಏರುತ್ತದೆ.

2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ನಡೆದಾಗ ಸುದ್ದಿ ಹರಡಿದ್ದು ಟಿ.ವಿ. ಮತ್ತು ಪತ್ರಿಕೆಗಳಿಂದ. ರೈತರ ಸಿಟ್ಟಿನ ಇನ್ನೊಂದು ಘಟನೆ 2024ರಲ್ಲಿ ಬ್ಯಾಡಗಿಯಲ್ಲಿ ನಡೆಯಿತು. ಆಗ ಟಿ.ವಿ. ಕ್ಯಾಮೆರಾ ಊರಿಗೆ ಬರುವ ಮೊದಲೇ ದೃಶ್ಯಗಳು ಊರು ದಾಟಿದ್ದವು. ಅದರ ವಿವರ ಮುಂದೆ ಬರುತ್ತದೆ.

ಬದಲಾವಣೆಗೆ ದಾರಿ ಮಾಡಿದ್ದು ಅಗ್ಗದ ಇಂಟರ್ನೆಟ್. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಡೇಟಾ ದರ ಕುಸಿಯಿತು, ಹಳ್ಳಿಯ ಹುಡುಗರ ಕೈಗೆ ವಿಡಿಯೊ ಬಂತು. ಯೂನಿಕೋಡ್ ಕೀಲಿಮಣೆಯಿಂದ ಕನ್ನಡದಲ್ಲಿ ಬರೆಯುವುದು ಸುಲಭವಾಯಿತು. ಬರೆಯಲು ಬೇಸರವಿದ್ದವರಿಗೆ ವಾಯ್ಸ್ ಮೆಸೇಜು ಇತ್ತು. ಶೇರ್‌ಚಾಟ್‌ನಂಥ ದೇಶಿ ಆ್ಯಪ್‌ಗಳು ಶುಭೋದಯದ ಚಿತ್ರ, ದೇವರ ಫೋಟೊ, ನಾಯಕರ ಹುಟ್ಟುಹಬ್ಬದ ಶುಭಾಶಯಗಳನ್ನು ಕನ್ನಡದಲ್ಲೇ ಒದಗಿಸಿದವು. ಬೆಂಗಳೂರಿನಲ್ಲಿ ಹುಟ್ಟಿ, 2020ರಲ್ಲಿ ಮೊದಲು ಕನ್ನಡದಲ್ಲೇ ಬಂದ ‘ಕೂ’ ತಾಣದಲ್ಲಿ ರಾಜ್ಯದ ಹಲವು ಮಂತ್ರಿಮಹೋದಯರು ಖಾತೆ ತೆರೆದರು. ಅದು 2024ರ ಜುಲೈನಲ್ಲಿ ಮುಚ್ಚಿತು. ಎಕ್ಸ್ (ಹಿಂದಿನ ಟ್ವಿಟರ್) ಜಿಲ್ಲೆಯ ಮತದಾರರನ್ನು ನೇರವಾಗಿ ಮುಟ್ಟುವುದು ಅಷ್ಟಕ್ಕಷ್ಟೇ. ಅಲ್ಲಿ ಹುಟ್ಟಿದ ಜಗಳ ಸ್ಕ್ರೀನ್‌ಶಾಟ್ ಆಗಿ ವಾಟ್ಸ್‌ಆ್ಯಪ್‌ಗೆ ಇಳಿದಾಗಲೇ ಊರಿನ ಮಾತಾಗುತ್ತದೆ.

ಗ್ರೂಪು ಕಟ್ಟುವ ಬಗೆ

ಪಕ್ಷಗಳ ಜಾಲ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ರಾಜ್ಯ ಘಟಕದ ಸಾಮಾಜಿಕ ಜಾಲತಾಣ ವಿಭಾಗ ಚಿತ್ರ, ವಿಡಿಯೊ, ಘೋಷಣೆಗಳನ್ನು ತಯಾರಿಸಿ ಜಿಲ್ಲೆಗೆ ಕಳಿಸುತ್ತದೆ. ಅಲ್ಲಿಂದ ಮಂಡಲ ಅಥವಾ ಬ್ಲಾಕ್ ಮಟ್ಟಕ್ಕೆ, ಅಲ್ಲಿಂದ ಬೂತ್ ಮಟ್ಟದ ಗ್ರೂಪಿಗೆ ಅವು ಹರಿಯುತ್ತವೆ. ಬಿಜೆಪಿಯಲ್ಲಿ ಹಲವು ಬೂತುಗಳನ್ನು ಸೇರಿಸಿದ ‘ಶಕ್ತಿ ಕೇಂದ್ರ’ವೂ, ಮತದಾರರ ಪಟ್ಟಿಯ ಒಂದೊಂದು ಪುಟಕ್ಕೆ ಒಬ್ಬರಂತೆ ‘ಪೇಜ್ ಪ್ರಮುಖ’ರೂ ಇರುತ್ತಾರೆ. ಕಾಂಗ್ರೆಸ್ಸಿನಲ್ಲಿ ಬ್ಲಾಕ್ ಸಮಿತಿ ಮತ್ತು ಬೂತ್ ಏಜೆಂಟರ ಹಳೆಯ ಏರ್ಪಾಡಿಗೇ ವಾಟ್ಸ್‌ಆ್ಯಪ್ ಜೋಡಿಸಲಾಗಿದೆ. 2018ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ರಾಜ್ಯದಲ್ಲಿ ಎರಡೂ ಪಕ್ಷಗಳು ಸೇರಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಾಟ್ಸ್‌ಆ್ಯಪ್ ಗ್ರೂಪುಗಳನ್ನು ನಡೆಸುತ್ತಿರುವುದಾಗಿ ಹೇಳಿಕೊಂಡಿದ್ದವು. ಆ ಚುನಾವಣೆಯನ್ನು ವಿದೇಶಿ ಪತ್ರಿಕೆಗಳು ‘ವಾಟ್ಸ್‌ಆ್ಯಪ್ ಚುನಾವಣೆ’ ಎಂದೇ ಕರೆದವು. ಪಕ್ಷಗಳು ತಮ್ಮ ಬಗ್ಗೆ ಹೇಳಿಕೊಳ್ಳುವ ಇಂಥ ಲೆಕ್ಕದಲ್ಲಿ ಉತ್ಪ್ರೇಕ್ಷೆಗೂ ಜಾಗವಿರುತ್ತದೆ ಎಂಬುದನ್ನು ಓದುಗರು ಮರೆಯಬಾರದು. ಒಂದೇ ಫೋನ್ ನಂಬರು ಹತ್ತಾರು ಗ್ರೂಪುಗಳಲ್ಲಿರುತ್ತದೆ, ಎಷ್ಟೋ ಮಂದಿ ನೋಟಿಫಿಕೇಶನ್ ಬಂದ್ ಮಾಡಿಟ್ಟಿರುತ್ತಾರೆ.

ಪಕ್ಷದ ಹೆಸರಿನ ಗ್ರೂಪಿನಲ್ಲಿ ಪಕ್ಷದವರೇ ಇರುತ್ತಾರೆ, ಅವರನ್ನು ಒಲಿಸಿ ಆಗಬೇಕಾದ್ದೇನೂ ಇಲ್ಲ. ನಿಜವಾದ ಪ್ರಚಾರ ನಡೆಯುವುದು ಪಕ್ಷದ ಹೆಸರಿಲ್ಲದ ಗ್ರೂಪುಗಳಲ್ಲಿ. ಹತ್ತನೇ ಇಯತ್ತೆಯ ಗೆಳೆಯರು, ಹಾಲಿನ ಡೇರಿಯ ಸದಸ್ಯರು, ಓಣಿಯ ಗಣೇಶ ಮಂಡಳಿ, ಕ್ರಿಕೆಟ್ ಟೂರ್ನಮೆಂಟಿನ ತಂಡ, ಸಮಾಜದ ವಧು–ವರರ ಗ್ರೂಪು, ಹೀಗೆ. ಕಾರ್ಯಕರ್ತನಾದವನು ಇವುಗಳಲ್ಲಿ ಕಾರ್ಯಕರ್ತನಾಗಿ ಕಾಣಿಸಿಕೊಳ್ಳುವುದಿಲ್ಲ, ಅಣ್ಣನಾಗಿಯೋ ಮಾವನಾಗಿಯೋ ಇರುತ್ತಾನೆ. ಪಕ್ಷದ ವಿಡಿಯೊ ಅವನ ಕೈಯಿಂದ ಬಂದಾಗ ಅದಕ್ಕೆ ಮನೆಯವರ ಮಾತಿನ ತೂಕ ಬರುತ್ತದೆ. ‘ಇಲ್ಲಿ ರಾಜಕೀಯ ಬ್ಯಾಡ್ರಿ’ ಎಂದು ಅಡ್ಮಿನ್ ಎಚ್ಚರಿಸುವುದು, ಇಬ್ಬರು ಜಗಳಾಡಿ ಗ್ರೂಪು ಬಿಡುವುದು, ಚುನಾವಣೆ ಮುಗಿದ ಮೇಲೆ ಅವರನ್ನು ಮತ್ತೆ ಸೇರಿಸಿಕೊಳ್ಳುವುದು ಪ್ರತಿ ಚುನಾವಣೆಯ ಕತೆ.

ಹೋರಿ ಹಬ್ಬದ ಉದಾಹರಣೆ ಇಲ್ಲಿ ವಿಶೇಷ. ದೀಪಾವಳಿಯ ನಂತರ ತಿಂಗಳುಗಟ್ಟಲೆ ಜಿಲ್ಲೆಯ ಊರೂರುಗಳಲ್ಲಿ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಗೆ ಸಾವಿರಾರು ಜನ ಸೇರುತ್ತಾರೆ. ಕೊರಳಿಗೆ ಕೊಬ್ಬರಿ ಮಾಲೆ, ಮೈತುಂಬ ಬಲೂನು, ಜೂಲು ಹೊತ್ತು ಓಡುವ ಹೋರಿಗಳಿಗೆ ಸಿನಿಮಾ ನಟರಂತೆ ಹೆಸರು, ಅಭಿಮಾನಿ ಬಳಗ, ಟಿ–ಶರ್ಟು, ಹಾಡು, ಯೂಟ್ಯೂಬ್ ವಿಡಿಯೊ, ಇನ್‌ಸ್ಟಾಗ್ರಾಂ ಪುಟ ಇವೆಲ್ಲ ಇರುತ್ತವೆ. ಒಂದು ಹೋರಿಯ ಹೆಸರಲ್ಲಿ ಕೂಡಿದ ಹುಡುಗರ ಗುಂಪು ವರ್ಷವಿಡೀ ಜೀವಂತವಿರುವ ಜಾಲ. ಸ್ಪರ್ಧೆಗೆ ಬಹುಮಾನ ಪ್ರಾಯೋಜಿಸಿ, ಅಖಾಡದಲ್ಲಿ ನಿಂತು ಫೋಟೊ ತೆಗೆಸಿಕೊಂಡ ಮುಖಂಡನಿಗೆ ಆ ಜಾಲದ ಬಾಗಿಲು ತೆರೆಯುತ್ತದೆ. ಬೈಕ್, ಟ್ರ್ಯಾಕ್ಟರು, ಬಂಗಾರದ ಬಹುಮಾನಗಳ ಹಿಂದಿನ ಔದಾರ್ಯವನ್ನು ಈ ಬೆಳಕಿನಲ್ಲಿ ನೋಡಬೇಕು. ರಾಣೆಬೆನ್ನೂರಿನ ಹೋಳಿಯಲ್ಲಿ ಜೀವಂತ ರತಿ–ಕಾಮರನ್ನು ಕೂರಿಸಿ, ಅವರನ್ನು ನಗಿಸಿದವರಿಗೆ ಬಹುಮಾನ ಘೋಷಿಸುವ ಆಟವೂ ಮೊಬೈಲಿನ ದೆಸೆಯಿಂದ ಜಿಲ್ಲೆಯಾಚೆ ಹೆಸರಾಗಿದೆ. ಅಲ್ಲಿ ನಗಿಸಲು ಬಂದವರು ರಾಜಕಾರಣಿಗಳನ್ನು ಅಣಕಿಸುವುದು ಪಕ್ಷಗಳ ಯಾವ ಐಟಿ ಸೆಲ್ಲಿಗೂ ಎಟುಕದ ವಿಡಂಬನೆ.

ಮಠ ಮತ್ತು ಸಮಾಜದ ಜಾಲ ಇನ್ನೂ ಆಳವಾದದ್ದು. ಕುರುಬ ಸಮಾಜವನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆಯಿಟ್ಟು ಕನಕ ಗುರುಪೀಠದ ನಿರಂಜನಾನಂದಪುರಿ ಸ್ವಾಮೀಜಿಯವರ ನೇತೃತ್ವದಲ್ಲಿ 2021ರ ಜನವರಿ 15ರಂದು ಪಾದಯಾತ್ರೆ ಹೊರಟದ್ದು ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಿಂದ. ಫೆಬ್ರವರಿ 7ರಂದು ಬೆಂಗಳೂರಿನ ಸಮಾವೇಶದಲ್ಲಿ ಅದು ಮುಗಿಯಿತು. ಪಂಚಮಸಾಲಿ ಸಮಾಜದ ಮೀಸಲಾತಿ ಹೋರಾಟವೂ ಅದೇ ಅವಧಿಯದು. ಅದರ ಬಿಸಿ ಮುಂದಿನ ವರ್ಷ ಶಿಗ್ಗಾವಿಯಲ್ಲಿದ್ದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಮನೆಬಾಗಿಲಿಗೂ ತಟ್ಟಿತು. ಇಂಥ ಹೋರಾಟಗಳಲ್ಲಿ ಕಟ್ಟಿದ ಗ್ರೂಪುಗಳು ಹೋರಾಟ ಮುಗಿದರೂ ಅಳಿಯುವುದಿಲ್ಲ. ಚುನಾವಣೆ ಬಂದಾಗ ಆ ನಂಬರುಗಳೆಲ್ಲ ಹೇಗೂ ಒಂದೆಡೆ ಇರುತ್ತವೆ.

ಹೆಣ್ಣುಮಕ್ಕಳ ನಡುವಿನ ಪ್ರಚಾರದ ದಾರಿ ಬೇರೆ. ಬಹಳ ಮನೆಗಳಲ್ಲಿ ಫೋನು ಗಂಡನದೋ ಮಗನದೋ ಆಗಿರುವುದರಿಂದ ರೀಲ್ಸು, ಟ್ರೋಲುಗಳ ಭರಾಟೆ ಅವರನ್ನು ಅಷ್ಟಾಗಿ ಮುಟ್ಟುವುದಿಲ್ಲ. ಸ್ವಸಹಾಯ ಸಂಘ, ಅಂಗನವಾಡಿ, ಆಶಾ ಕಾರ್ಯಕರ್ತೆಯರ ಬಾಯಿಮಾತೇ ಅಲ್ಲಿ ದೊಡ್ಡದು. 2023ರಲ್ಲಿ ಕಾಂಗ್ರೆಸ್ ತನ್ನ ಚುನಾವಣಾ ಭರವಸೆಗಳ ‘ಗ್ಯಾರಂಟಿ ಕಾರ್ಡ್’ ಅನ್ನು ಮುದ್ರಿಸಿ ಮನೆಮನೆಗೆ ಹಂಚಿದ್ದು ಈ ತಿಳಿವಳಿಕೆಯಿಂದಲೇ ಇರಬೇಕು. ಆ ವರ್ಷದ ಆಗಸ್ಟ್ 30ರಂದು ಆ ಭರವಸೆಗಳಲ್ಲೊಂದಾದ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕ ಮೇಲೆ, ಖಾತೆಗೆ 2000 ರೂಪಾಯಿ ಜಮೆಯಾಯಿತೆಂಬ ಬ್ಯಾಂಕಿನ ಮೆಸೇಜು ಯಾವ ಪ್ರಚಾರ ವಿಡಿಯೊಗಿಂತಲೂ ಹೆಚ್ಚು ಜನ ತೋರಿಸಿ ನೋಡಿದ ಸಂದೇಶವಾಯಿತು. ಒಂದು ತಿಂಗಳು ಬಾರದಿದ್ದರೆ ಅದೇ ಫೋನು ವಿರೋಧ ಪಕ್ಷದ ಪ್ರಚಾರಕನೂ ಆಗುತ್ತಿತ್ತು.

2018: ಆಟೋ ಚಿಹ್ನೆ ಮತ್ತು ಒಂದು ಆಡಿಯೊ

ನಟ ಉಪೇಂದ್ರ 2017ರ ಅಕ್ಟೋಬರ್ 31ರಂದು ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷವನ್ನು (ಕೆಪಿಜೆಪಿ) ಜನರ ಮುಂದಿಟ್ಟಾಗ ಅದು ಹೆಚ್ಚುಕಡಿಮೆ ಜಾಲತಾಣದಲ್ಲೇ ಹುಟ್ಟಿದ ಪಕ್ಷವಾಗಿತ್ತು. ಹಣ ಬೇಡ, ರ್‍ಯಾಲಿ ಬೇಡ, ಜನ ತಮ್ಮ ವಿಚಾರಗಳನ್ನು ಆನ್‌ಲೈನಿನಲ್ಲಿ ಕಳಿಸಲಿ ಎಂಬುದು ಅವರ ‘ಪ್ರಜಾಕೀಯ’ದ ಸಾರ. ಆದರೆ 2018ರ ಮಾರ್ಚ್‌ನಲ್ಲಿ, ಚುನಾವಣೆಗೆ ಎರಡು ತಿಂಗಳಿರುವಾಗ, ಒಳಜಗಳದಿಂದ ಉಪೇಂದ್ರ ಹೊರಬಂದರು. ತಾರೆಯೂ ಇಲ್ಲದ, ತಾರೆಯ ಅಭಿಮಾನಿಗಳೂ ಇಲ್ಲದ ಆ ಪಕ್ಷ ಇಡೀ ರಾಜ್ಯದಲ್ಲಿ ಗೆದ್ದದ್ದು ಒಂದೇ ಕ್ಷೇತ್ರ, ಅದು ರಾಣೆಬೆನ್ನೂರು. ಗೆದ್ದ ಆರ್. ಶಂಕರ್ ಸೋಲಿಸಿದ್ದು ವಿಧಾನಸಭಾಧ್ಯಕ್ಷರಾಗಿದ್ದ ಕಾಂಗ್ರೆಸ್ಸಿನ ಕೆ.ಬಿ. ಕೋಳಿವಾಡರನ್ನು. ಅಂತರ ನಾಲ್ಕು ಸಾವಿರ ಮತಗಳ ಆಸುಪಾಸು.

ಇದನ್ನು ಜಾಲತಾಣದ ಗೆಲುವೆಂದು ಬಗೆದರೆ ತಪ್ಪಾದೀತು. ಬೆಂಗಳೂರು ಮಹಾನಗರ ಪಾಲಿಕೆಯ ಉಪಮೇಯರ್ ಆಗಿದ್ದ ಶಂಕರ್ 2013ರಲ್ಲೇ ರಾಣೆಬೆನ್ನೂರಿನಲ್ಲಿ ಪಕ್ಷೇತರರಾಗಿ ನಿಂತು, ಸೋತು, ಐದು ವರ್ಷ ಊರು ಬಿಡದೆ ಓಡಾಡಿದವರು. ಕೆಪಿಜೆಪಿಯಿಂದ ಅವರಿಗೆ ದಕ್ಕಿದ್ದು ಆಟೋರಿಕ್ಷಾ ಚಿಹ್ನೆಯಷ್ಟೆ. ಫಲಿತಾಂಶ ಬಂದ ದಿನಗಳಲ್ಲಿ ಅವರು ಇಂದು ಬಿಜೆಪಿ ಪಾಳಯದಲ್ಲಿ, ನಾಳೆ ಕಾಂಗ್ರೆಸ್ ಪಾಳಯದಲ್ಲಿ ಕಾಣಿಸಿಕೊಂಡ ದೃಶ್ಯಗಳಿಂದ ಟ್ರೋಲ್ ಪೇಜುಗಳಿಗೆ ಸುಗ್ಗಿಯೋ ಸುಗ್ಗಿ. ಉಪೇಂದ್ರ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಉತ್ತಮ ಪ್ರಜಾಕೀಯ ಪಕ್ಷ ಕಟ್ಟಿದರು. ಜಾಲತಾಣದಲ್ಲಿ ಅವರ ಮಾತಿಗೆ ಬೀಳುವ ಲೈಕುಗಳು ಇವತ್ತಿಗೂ ಕಡಿಮೆಯಿಲ್ಲ, ವಿಧಾನಸಭೆಯಲ್ಲಿ ಮಾತ್ರ ಆ ಪಕ್ಷಕ್ಕೆ ಒಂದು ಸ್ಥಾನವೂ ಸಿಕ್ಕಿಲ್ಲ.

ಎರಡನೆಯ ಪ್ರಕರಣ ಹಿರೇಕೆರೂರಿನದು. 2018ರ ಮೇ 19ರಂದು, ಬಿಜೆಪಿಯ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ವಿಶ್ವಾಸಮತ ಯಾಚಿಸಬೇಕಿದ್ದ ದಿನ, ಕಾಂಗ್ರೆಸ್ ಒಂದು ಆಡಿಯೊ ತುಣುಕನ್ನು ಬಿಡುಗಡೆ ಮಾಡಿತು. ಯಡಿಯೂರಪ್ಪನವರು ಹಿರೇಕೆರೂರಿನ ಕಾಂಗ್ರೆಸ್ ಶಾಸಕ, ನಟ ಬಿ.ಸಿ. ಪಾಟೀಲರಿಗೆ ಫೋನಿನಲ್ಲಿ ಸಚಿವ ಸ್ಥಾನದ ಆಮಿಷ ಒಡ್ಡಿದ್ದಾರೆ ಎಂಬುದು ಆರೋಪ. ಬಿಜೆಪಿ ಅದನ್ನು ಅಲ್ಲಗಳೆಯಿತು. ನಿಮಿಷಗಳಲ್ಲಿ ತುಣುಕು ಊರೂರಿನ ಫೋನುಗಳಿಗೆ ಹರಡಿತು. ಮರುವರ್ಷ ಅದೇ ಪಾಟೀಲರು ರಾಜೀನಾಮೆ ಕೊಟ್ಟು, ಅನರ್ಹಗೊಂಡು, ಬಿಜೆಪಿ ಸೇರಿ 2019ರ ಡಿಸೆಂಬರ್ 5ರ ಉಪಚುನಾವಣೆಗೆ ನಿಂತರು. ‘ಅನರ್ಹರು’ ಎಂಬ ಪದವನ್ನೇ ಕಾಂಗ್ರೆಸ್ ಮತ್ತು ಜೆಡಿಎಸ್ ಬೆಂಬಲಿಗರು ಪ್ರಚಾರದ ಆಯುಧ ಮಾಡಿಕೊಂಡಿದ್ದರು. ಪಾಟೀಲರು ಸುಮಾರು 29 ಸಾವಿರ ಮತಗಳಿಂದ ಗೆದ್ದರು. ಶಂಕರ್ ಅವರ ಅನರ್ಹತೆಯಿಂದ ತೆರವಾಗಿ ಅದೇ ದಿನ ಮತದಾನವಾದ ರಾಣೆಬೆನ್ನೂರಿನಲ್ಲಿ ಬಿಜೆಪಿಯ ಅರುಣಕುಮಾರ ಗುತ್ತೂರ ಸುಮಾರು 23 ಸಾವಿರ ಮತಗಳಿಂದ ಕೋಳಿವಾಡರನ್ನು ಸೋಲಿಸಿದರು. ಆಳುವ ಪಕ್ಷದ ಜತೆಗಿದ್ದರೆ ಕ್ಷೇತ್ರಕ್ಕೆ ಅನುದಾನ ಬರುತ್ತದೆ ಎಂಬ ಉಪಚುನಾವಣೆಯ ಹಳೆಯ ಲೆಕ್ಕಾಚಾರದ ಮುಂದೆ ಹರಿದಾಡಿದ ಅಣಕಗಳು ನಿಲ್ಲಲಿಲ್ಲ.

2023: ಕ್ಯೂಆರ್ ಕೋಡಿನ ಮುಖ

ಶಿಗ್ಗಾವಿಯ ಶಾಸಕ ಬಸವರಾಜ ಬೊಮ್ಮಾಯಿ 2021ರ ಜುಲೈ 28ರಂದು ಮುಖ್ಯಮಂತ್ರಿಯಾದರು. ಮೂರು ತಿಂಗಳಲ್ಲೇ ನೆರೆಯ ಹಾನಗಲ್ಲ ಉಪಚುನಾವಣೆ ಬಂತು, ಅಕ್ಟೋಬರ್ 30ರ ಮತದಾನದಲ್ಲಿ ಕಾಂಗ್ರೆಸ್ಸಿನ ಶ್ರೀನಿವಾಸ ಮಾನೆ ಗೆದ್ದರು. ಕೋವಿಡ್ ಕಾಲದಲ್ಲಿ ಅವರು ಮಾಡಿದ ನೆರವಿನ ಕೆಲಸದ ಫೋಟೊ, ವಿಡಿಯೊಗಳು ಉಪಚುನಾವಣೆಗೆ ಬಹಳ ಮೊದಲೇ ತಾಲ್ಲೂಕಿನ ಗ್ರೂಪುಗಳಲ್ಲಿ ಓಡಾಡಿದ್ದವು. ಪ್ರಚಾರವೆಂದು ಯಾರೂ ಗುರುತಿಸದ ಹೊತ್ತಿನಲ್ಲಿ ಆದ ಪ್ರಚಾರವದು.

ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಬರೆದ ಪತ್ರದ ‘40 ಪರ್ಸೆಂಟ್ ಕಮಿಷನ್’ ಆರೋಪವನ್ನು ಕಾಂಗ್ರೆಸ್ ಪ್ರಚಾರವಾಗಿ ಮಾರ್ಪಡಿಸಿದ ರೀತಿ ಕನ್ನಡ ರಾಜಕೀಯ ಸಂವಹನದಲ್ಲಿ ಅಧ್ಯಯನಯೋಗ್ಯ. 2022ರ ಸೆಪ್ಟೆಂಬರ್ 21ರಂದು ಬೆಂಗಳೂರಿನ ಗೋಡೆಗಳಲ್ಲಿ ‘ಪೇಸಿಎಂ’ ಎಂಬ ಪೋಸ್ಟರುಗಳು ಕಾಣಿಸಿಕೊಂಡವು. ಪೇಟಿಎಂ ಮಾದರಿಯ ಕ್ಯೂಆರ್ ಕೋಡಿನ ನಡುವೆ ಬೊಮ್ಮಾಯಿಯವರ ಮುಖ, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಭ್ರಷ್ಟಾಚಾರದ ದೂರು ದಾಖಲಿಸುವ, ಕಾಂಗ್ರೆಸ್ ನಡೆಸುತ್ತಿದ್ದ ತಾಣ ತೆರೆಯುತ್ತಿತ್ತು. ಪೊಲೀಸರು ಕಾಂಗ್ರೆಸ್ ಜಾಲತಾಣ ವಿಭಾಗದವರನ್ನು ಬಂಧಿಸಿದರು. ಅದರಿಂದ ಸುದ್ದಿ ಇಮ್ಮಡಿಯಾಯಿತು. ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ತಾವೇ ಬೀದಿಗಿಳಿದು ಪೋಸ್ಟರು ಅಂಟಿಸಿದರು. ಬಿಜೆಪಿ ಅವರಿಬ್ಬರ ವಿರುದ್ಧ ಪ್ರತಿ–ಪೋಸ್ಟರು ತಂದಿತು, ಅದು ಅಷ್ಟು ನಾಟಲಿಲ್ಲ. ತನ್ನ ಫೋಟೊವನ್ನು ಅನುಮತಿಯಿಲ್ಲದೆ ಅಭಿಯಾನದಲ್ಲಿ ಬಳಸಿದ್ದಾರೆಂದು ನಟರೊಬ್ಬರು ಆಕ್ಷೇಪಿಸಿದ್ದೂ ದಾಖಲಾಗಿದೆ. ಅಭಿಯಾನದ ಹಿಂದಿದ್ದ ಚುನಾವಣಾ ತಂತ್ರಗಾರರಲ್ಲಿ ಸುನೀಲ್ ಕನುಗೋಲು ಹೆಸರು ಮುಖ್ಯ.

ಪೇಸಿಎಂನ ಚಾತುರ್ಯವಿದ್ದದ್ದು ಆಕಾರದಲ್ಲಿ. ಕ್ಯೂಆರ್ ಕೋಡ್ ಆ ಹೊತ್ತಿಗೆ ಹಾವೇರಿ ಬಸ್ ನಿಲ್ದಾಣದ ಚಹಾದಂಗಡಿ, ರಾಣೆಬೆನ್ನೂರಿನ ಬೀಜದಂಗಡಿ, ಸಂತೆಯ ಬಳೆಗಾರನ ಗಾಡಿಯಲ್ಲೆಲ್ಲ ನೇತಾಡುತ್ತಿತ್ತು. ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುವ ಚೌಕದಲ್ಲಿ ಆರೋಪವನ್ನು ಕೂರಿಸಿದ ಮೇಲೆ ಅದನ್ನು ನೆನಪಿಸಲು ಬೇರೆ ಪೋಸ್ಟರು ಬೇಕಿರಲಿಲ್ಲ. ಅಂಕಿಯೂ ಅಷ್ಟೇ, ‘40’ ಎಂದರೆ ಸಾಕು, ವಾಕ್ಯ ಪೂರ್ಣವಾಗುತ್ತಿತ್ತು.

2023ರ ಏಪ್ರಿಲ್ 5ರಂದು ಬೆಂಗಳೂರಿಗೆ ಬರುವುದಾಗಿ ಗುಜರಾತಿನ ಹಾಲಿನ ಬ್ರ್ಯಾಂಡ್ ಅಮುಲ್ ಟ್ವೀಟ್ ಮಾಡಿದ್ದು ಇನ್ನೊಂದು ಕಿಡಿ. ರಾಜ್ಯದ ಸ್ವಂತ ಹಾಲಿನ ಬ್ರ್ಯಾಂಡಿನ ಪರವಾದ ‘ನಂದಿನಿ ಉಳಿಸಿ’ ಎಂಬ ಕೂಗು ಹಾಲು ಉತ್ಪಾದಕರ ಗ್ರೂಪುಗಳಿಗೆ ಸಲೀಸಾಗಿ ಇಳಿಯಿತು, ಏಕೆಂದರೆ ಡೇರಿಗೆ ಹಾಲು ಹಾಕುವ ಮನೆಗಳು ಇಲ್ಲಿ ಓಣಿಗೆ ಹತ್ತಾರು. ಮೇ 10ರಂದು ಮತದಾನವಾಗಿ 13ರಂದು ಫಲಿತಾಂಶ ಬಂದಾಗ ಜಿಲ್ಲೆಯ ಆರರಲ್ಲಿ ಐದು ಕ್ಷೇತ್ರ ಕಾಂಗ್ರೆಸ್ಸಿನ ಪಾಲಾಗಿದ್ದವು: ಹಾವೇರಿಯಲ್ಲಿ ರುದ್ರಪ್ಪ ಲಮಾಣಿ, ಬ್ಯಾಡಗಿಯಲ್ಲಿ ಬಸವರಾಜ ಶಿವಣ್ಣನವರ, ರಾಣೆಬೆನ್ನೂರಿನಲ್ಲಿ ಪ್ರಕಾಶ ಕೋಳಿವಾಡ, ಹಿರೇಕೆರೂರಿನಲ್ಲಿ ಯು.ಬಿ. ಬಣಕಾರ, ಹಾನಗಲ್ಲದಲ್ಲಿ ಮಾನೆ. ಇಡೀ ಅಭಿಯಾನ ಯಾರ ಮುಖದ ಮೇಲೆ ನಡೆದಿತ್ತೋ ಆ ಬೊಮ್ಮಾಯಿ ಮಾತ್ರ ಶಿಗ್ಗಾವಿಯಲ್ಲಿ ಗೆದ್ದರು. ತನ್ನೂರಿನವನನ್ನು ಜನ ಫೋನಿನಲ್ಲಿ ನೋಡಿ ಅಳೆಯುವುದಿಲ್ಲವೆನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಪಕ್ಷಗಳ ಹೊರಗೂ ಆ ವರ್ಷ ಹಾವೇರಿಯ ಹೆಸರು ಜಾಲತಾಣದಲ್ಲಿ ಕಾವೇರಿತ್ತು. ಜನವರಿ 6ರಿಂದ 8ರವರೆಗೆ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ ನಡೆದ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಆಹ್ವಾನಿತರ ಪಟ್ಟಿಯಲ್ಲಿ ಮುಸ್ಲಿಂ ಲೇಖಕರಿಗೆ ತಕ್ಕ ಸ್ಥಾನವಿಲ್ಲವೆಂಬ ಆಕ್ಷೇಪ ಫೇಸ್‌ಬುಕ್ಕಿನಲ್ಲಿ ಬೆಳೆದು, ಬೆಂಗಳೂರಿನಲ್ಲಿ ಜನವರಿ 8ರಂದೇ ಪರ್ಯಾಯವಾಗಿ ಜನಸಾಹಿತ್ಯ ಸಮ್ಮೇಳನ ನಡೆಯುವವರೆಗೆ ಹೋಯಿತು. ಮತ ಕೇಳದ ಪ್ರಚಾರವೂ ಜನರನ್ನು ಒಂದು ಸಭಾಂಗಣಕ್ಕೆ ಕರೆತರಬಲ್ಲದು ಎಂಬುದಕ್ಕೆ ಅದು ನಿದರ್ಶನ.

2024: ಮೆಣಸಿನಕಾಯಿ, ಟಿಕೆಟ್, ತಿರುವು

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಸೋಮವಾರ ಮತ್ತು ಗುರುವಾರ ನಡೆಯುವ ಅಲ್ಲಿನ ಮಾರುಕಟ್ಟೆಗೆ ಸೀಸನ್ನಿನಲ್ಲಿ ಲಕ್ಷಕ್ಕೂ ಮಿಕ್ಕಿ ಚೀಲ ಬರುತ್ತದೆ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯ ರೈತರೂ ಲಾರಿ ಹಿಡಿದು ಬರುತ್ತಾರೆ. ಇ–ಟೆಂಡರಿನ ದರ ದಲಾಲರ ಅಂಗಡಿಯಿಂದ ರೈತರ ಗ್ರೂಪುಗಳಿಗೆ ಕ್ಷಣದಲ್ಲಿ ಹೋಗುತ್ತದೆ. ದರದ ಸುದ್ದಿಗಾಗಿ ಕಟ್ಟಿದ ಈ ಜಾಲ ಸಿಟ್ಟಿನ ಸುದ್ದಿಯನ್ನೂ ಅಷ್ಟೇ ವೇಗದಲ್ಲಿ ಒಯ್ಯುತ್ತದೆ. 2024ರ ಮಾರ್ಚ್ 11ರ ಸೋಮವಾರ ದರ ದಿಢೀರನೆ ಕುಸಿಯಿತೆಂದು ಕೆರಳಿದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಹೊಗೆಯೇಳುತ್ತಿರುವ ಆವರಣದ ವಿಡಿಯೊಗಳು ಅಂದೇ ರಾಜ್ಯವಿಡೀ ಹರಡಿದವು. ಐದೇ ದಿನಕ್ಕೆ, ಮಾರ್ಚ್ 16ರಂದು, ಲೋಕಸಭಾ ಚುನಾವಣೆ ಘೋಷಣೆಯಾಯಿತು. ಎರಡೂ ಪಕ್ಷಗಳು ಆ ದೃಶ್ಯಗಳಿಗೆ ತಮತಮಗೆ ಬೇಕಾದ ಅರ್ಥ ಕಟ್ಟಿದವು: ಒಬ್ಬರಿಗೆ ಅದು ರಾಜ್ಯ ಸರ್ಕಾರದ ವೈಫಲ್ಯ, ಇನ್ನೊಬ್ಬರಿಗೆ ವ್ಯಾಪಾರಿಗಳ ಮತ್ತು ಕೇಂದ್ರದ ನೀತಿಯ ಫಲ.

ಹಾವೇರಿ ಬಿಜೆಪಿ ಟಿಕೆಟ್‌ಗಾಗಿ ಪಕ್ಷದ ಹಿರಿಯ ನಾಯಕ ಕೆ.ಎಸ್. ಈಶ್ವರಪ್ಪ ತಮ್ಮ ಮಗ ಕಾಂತೇಶ್ ಪರ ಪಟ್ಟು ಹಿಡಿದಿದ್ದರು. ಮಾರ್ಚ್ 13ರ ಪಟ್ಟಿಯಲ್ಲಿ ಬೊಮ್ಮಾಯಿ ಹೆಸರು ಬಂತು, ಈಶ್ವರಪ್ಪ ಮುನಿದು ಶಿವಮೊಗ್ಗದಲ್ಲಿ ಬಂಡಾಯವೆದ್ದರು. ಟಿಕೆಟ್ ಘೋಷಣೆಗೆ ಮುಂಚಿನ ತಿಂಗಳುಗಳಲ್ಲಿ ನಡೆಯುವ ‘ಮುಂದಿನ ಸಂಸದರು’ ಎಂಬ ಪೋಸ್ಟರ್ ಎಡಿಟ್‌ಗಳ ಪೈಪೋಟಿ ಮತದಾರರಿಗಾಗಿ ಇರುವುದೇ ಇಲ್ಲ. ಅದು ಹೈಕಮಾಂಡಿನ ಕಣ್ಣಿಗೆ ಬೀಳಲೆಂದು ಮಾಡುವ ಪ್ರದರ್ಶನ. ಜಾಲತಾಣ ಪ್ರಚಾರದ ಬಗೆಗಿನ ಬರಹಗಳು ಈ ಬಗೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಫಾಲೋವರುಗಳ ಸಂಖ್ಯೆ, ಲೈವ್ ವೀಕ್ಷಣೆ, ಹುಟ್ಟುಹಬ್ಬದ ಸ್ಟೇಟಸ್ಸುಗಳು ಬಯೋಡೇಟಾದ ಭಾಗವಾಗಿ ಮೇಲಿನವರಿಗೆ ಹೋಗುತ್ತವೆ.

ಮೇ 7ರಂದು ನಡೆದ ಮತದಾನದಲ್ಲಿ ಕ್ಷೇತ್ರದ ಶೇ 77ಕ್ಕೂ ಹೆಚ್ಚು ಮಂದಿ ಮತ ಹಾಕಿದರು. ಬೊಮ್ಮಾಯಿ ಕಾಂಗ್ರೆಸ್ಸಿನ ಆನಂದಸ್ವಾಮಿ ಗಡ್ಡದೇವರಮಠರನ್ನು 43 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಕ್ಷೇತ್ರದ ಎಂಟು ವಿಧಾನಸಭಾ ಸ್ಥಾನಗಳಲ್ಲಿ ಏಳರಲ್ಲಿ ಆಗ ಕಾಂಗ್ರೆಸ್ ಶಾಸಕರಿದ್ದರು. ವರ್ಷದ ಹಿಂದೆ ‘ಪೇಸಿಎಂ’ ಎಂದು ಅಣಕಿಸಿಕೊಂಡವರೇ ಅದೇ ಫೋನುಗಳ, ಅದೇ ಗ್ರೂಪುಗಳ ನಡುವೆ ಸಂಸತ್ತಿಗೆ ಹೋದರು. ದಿಲ್ಲಿಗೆ ಬೇರೆ, ಬೆಂಗಳೂರಿಗೆ ಬೇರೆ ಎಂದು ಲೆಕ್ಕ ಹಾಕುವುದು ಕರ್ನಾಟಕದ ಮತದಾರರಿಗೆ 1985ರಿಂದಲೂ ರೂಢಿ. ಲೋಕಸಭೆಯಲ್ಲಿ ಕಾಂಗ್ರೆಸ್ಸನ್ನು ಗೆಲ್ಲಿಸಿದ ಕೆಲವೇ ತಿಂಗಳಲ್ಲಿ ಅವರು ಜನತಾ ಪಕ್ಷದ ರಾಮಕೃಷ್ಣ ಹೆಗಡೆಯವರಿಗೆ ವಿಧಾನಸಭೆಯ ಬಹುಮತ ಕೊಟ್ಟಾಗ ಮೊಬೈಲೇ ಇರಲಿಲ್ಲ.

ಶಿಗ್ಗಾವಿ ಉಪಚುನಾವಣೆ ಮತ್ತು ವದಂತಿ

ಬೊಮ್ಮಾಯಿ ಸಂಸದರಾಗಿ ತೆರವಾದ ಶಿಗ್ಗಾವಿಗೆ 2024ರ ನವೆಂಬರ್ 13ರಂದು ಉಪಚುನಾವಣೆ. ಅದೇ ವಾರಗಳಲ್ಲಿ ರಾಜ್ಯದಲ್ಲಿ ವಕ್ಫ್ ಜಮೀನಿನ ನೋಟಿಸುಗಳ ವಿವಾದ ಎದ್ದಿತ್ತು. ಅಕ್ಟೋಬರ್ ಕೊನೆಗೆ ಜಿಲ್ಲೆಯ ಸವಣೂರು ತಾಲ್ಲೂಕಿನ ಕಡಕೋಳದಲ್ಲಿ ಮನೆ–ಜಾಗಗಳು ವಕ್ಫ್ ಹೆಸರಿಗೆ ಹೋಗುತ್ತವೆ ಎಂಬ ಭೀತಿ ಹಬ್ಬಿ ಮನೆಗಳ ಮೇಲೆ ಕಲ್ಲು ತೂರಾಟವಾಯಿತು.

ನವೆಂಬರ್ 7ರಂದು ಬೆಂಗಳೂರು ದಕ್ಷಿಣದ ಬಿಜೆಪಿ ಸಂಸದ ತೇಜಸ್ವಿ ಸೂರ್ಯ, ಜಮೀನು ವಕ್ಫ್ ಪಾಲಾಗಿದ್ದಕ್ಕೆ ಹಾವೇರಿ ಜಿಲ್ಲೆಯ ರೈತರೊಬ್ಬರು ಆತ್ಮಹತ್ಯೆ ಮಾಡಿಕೊಂಡರೆಂಬ ಸುದ್ದಿಯನ್ನು ಎಕ್ಸ್‌ನಲ್ಲಿ ಹಂಚಿಕೊಂಡರು. ಆ ಸಾವು 2022ರ ಜನವರಿಯದು, ಕಾರಣ ಸಾಲ ಮತ್ತು ಬೆಳೆನಷ್ಟ ಎಂದು ಜಿಲ್ಲಾ ಪೊಲೀಸರು ಸ್ಪಷ್ಟಪಡಿಸಿದರು. ಪೋಸ್ಟ್ ಅಳಿಸಲಾಯಿತು. ಸಂಸದರ ಮೇಲೆ ಮತ್ತು ಸುದ್ದಿ ಪ್ರಕಟಿಸಿದ್ದ ಕನ್ನಡ ಸುದ್ದಿತಾಣಗಳ ಸಂಪಾದಕರ ಮೇಲೆ ಹಾವೇರಿಯ ಸೈಬರ್ ಅಪರಾಧ ಠಾಣೆಯಲ್ಲಿ ಎಫ್‌ಐಆರ್ ದಾಖಲಾಯಿತು. ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಸಂಸದರ ವಿರುದ್ಧದ ಪ್ರಕರಣವನ್ನು ರದ್ದುಪಡಿಸಿತು, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ಮೇಲ್ಮನವಿಯನ್ನು ತಳ್ಳಿಹಾಕಿತು. ಕಾನೂನಿನ ದೃಷ್ಟಿಯಲ್ಲಿ ಅಲ್ಲಿಗೆ ಮುಗಿಯಿತು. ಪ್ರಚಾರದ ದೃಷ್ಟಿಯಲ್ಲಿ ಗಮನಿಸಬೇಕಾದ್ದು ಅಳಿಸಿದ ಪೋಸ್ಟ್‌ನ ಸ್ಕ್ರೀನ್‌ಶಾಟ್‌ಗಳ ಆಯುಷ್ಯ: ಮೂಲ ಅಳಿದರೂ ನಕಲು ಗ್ರೂಪಿನಿಂದ ಗ್ರೂಪಿಗೆ ಹೋಗುವುದನ್ನು ಯಾವ ಸ್ಪಷ್ಟೀಕರಣವೂ ಬೆನ್ನಟ್ಟಲಾರದು.

ಉಪಚುನಾವಣೆಯ ಫಲಿತಾಂಶದಲ್ಲಿ ಕಾಂಗ್ರೆಸ್ಸಿನ ಯಾಸೀರ್ ಅಹ್ಮದ್ ಖಾನ್ ಪಠಾಣ್ ಅವರು ಬೊಮ್ಮಾಯಿಯವರ ಮಗ ಭರತ್ ಅವರನ್ನು 13 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು.

ನಿಯಮ ಮತ್ತು ಅದರ ನುಸುಳುದಾರಿ

ಚುನಾವಣಾ ಆಯೋಗ 2013ರ ಅಕ್ಟೋಬರ್ 25ರ ಸೂಚನೆಯಲ್ಲಿ ಅಭ್ಯರ್ಥಿಗಳು ನಾಮಪತ್ರದ ಪ್ರಮಾಣಪತ್ರದಲ್ಲೇ (ನಮೂನೆ 26) ತಮ್ಮ ಜಾಲತಾಣ ಖಾತೆಗಳ ವಿವರ ಕೊಡಬೇಕೆಂದು ವಿಧಿಸಿತು. ಜಾಲತಾಣದ ಜಾಹೀರಾತಿಗೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಪೂರ್ವಾನುಮತಿ ಬೇಕು. ಕಂಪನಿಗಳಿಗೆ ಕೊಟ್ಟ ಹಣ, ವಿಡಿಯೊ ತಯಾರಿಯ ಖರ್ಚು, ಖಾತೆ ನಿರ್ವಹಿಸುವವರ ಸಂಬಳ ಎಲ್ಲವೂ ಚುನಾವಣಾ ವೆಚ್ಚಕ್ಕೆ ಸೇರಬೇಕು. ಕರ್ನಾಟಕದ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 2018ರಲ್ಲಿ 28 ಲಕ್ಷ ರೂಪಾಯಿ ಇದ್ದದ್ದು 2023ಕ್ಕೆ 40 ಲಕ್ಷವಾಯಿತು. ಲೋಕಸಭೆಗೆ 2024ರಲ್ಲಿ ಅದು 95 ಲಕ್ಷ. ಅಭ್ಯರ್ಥಿಯ ಸ್ವಂತ ಪುಟದ ಜಾಹೀರಾತು ಲೆಕ್ಕಕ್ಕೆ ಸಿಗುತ್ತದೆ. ‘ಅಭಿಮಾನಿ ಬಳಗ’ದ ಪುಟ, ಊರಿನ ಯೂಟ್ಯೂಬ್ ಚಾನೆಲ್ಲಿನ ‘ವಿಶೇಷ ಸಂದರ್ಶನ’, ಪಕ್ಷ ತಾನೇ ಮಾಡಿದ ಸಾಮಾನ್ಯ ಪ್ರಚಾರ ಇವು ಯಾರ ಲೆಕ್ಕಕ್ಕೆ ಎಂಬುದು ಪ್ರತಿ ಚುನಾವಣೆಯಲ್ಲೂ ವೀಕ್ಷಕರ ತಲೆನೋವು. ಫೇಸ್‌ಬುಕ್ 2019ರಿಂದ ರಾಜಕೀಯ ಜಾಹೀರಾತುಗಳ ಸಾರ್ವಜನಿಕ ದಾಖಲೆ ಇಟ್ಟಿದೆ, ಆದರೆ ವಾಟ್ಸ್‌ಆ್ಯಪ್‌ನೊಳಗಿನ ಫಾರ್ವರ್ಡ್‌ಗೆ ಅಂಥ ದಾಖಲೆ ಯಾವುದೂ ಇಲ್ಲ.

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಯುವ ಎಂಜಿನಿಯರ್ ಒಬ್ಬರು ಗುಂಪಿನ ಹೊಡೆತಕ್ಕೆ ಸತ್ತರು. ದೇಶದ ಇಂಥ ಸಾವುಗಳ ಸರಣಿಯ ಬೆನ್ನಲ್ಲೇ ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದಿತು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಫಾರ್ವರ್ಡ್ ಆದ ಸಂದೇಶಕ್ಕೆ ಆ ಮಿತಿ ಒಂದಕ್ಕೆ ಇಳಿಯಿತು. ಆದರೆ 2022ರಲ್ಲಿ ಗ್ರೂಪಿನ ಸದಸ್ಯರ ಮಿತಿ 256ರಿಂದ 512ಕ್ಕೆ, ಅಲ್ಲಿಂದ 1024ಕ್ಕೆ ಏರಿತು. ಒಂದು ಕೈಯಲ್ಲಿ ಕಿತ್ತುಕೊಂಡದ್ದನ್ನು ಇನ್ನೊಂದು ಕೈಯಲ್ಲಿ ಕೊಟ್ಟ ಹಾಗಾಯಿತು. ಪ್ರಚಾರ ತಂಡಗಳು ಫಾರ್ವರ್ಡ್ ಒತ್ತುವ ಬದಲು ವಿಡಿಯೊವನ್ನು ಫೋನಿಗೆ ಇಳಿಸಿಕೊಂಡು ಹೊಸದಾಗಿ ಕಳಿಸುವುದನ್ನು ಕಲಿತವು, ಆಗ ‘ಫಾರ್ವರ್ಡ್’ ಎಂಬ ಗುರುತೂ ಬೀಳುವುದಿಲ್ಲ.

ನೀತಿಸಂಹಿತೆ ಉಲ್ಲಂಘನೆಯ ಫೋಟೊ, ವಿಡಿಯೊ ಕಳಿಸಲು ಆಯೋಗ 2018ರಲ್ಲಿ ಸಿ–ವಿಜಿಲ್ ಆ್ಯಪ್ ತಂದಿದೆ. ದೂರಿಗೆ 100 ನಿಮಿಷದೊಳಗೆ ಕ್ರಮವಾಗಬೇಕು. ಸುಳ್ಳು ಅಥವಾ ತಿರುಚಿದ ವಿಡಿಯೊ ಗಮನಕ್ಕೆ ಬಂದ ಮೂರು ಗಂಟೆಯೊಳಗೆ ಪಕ್ಷಗಳು ತೆಗೆಯಬೇಕೆಂದು 2024ರ ಮೇ 6ರಂದು, ಹಾವೇರಿಯ ಮತದಾನಕ್ಕೆ ಒಂದೇ ದಿನವಿರುವಾಗ, ಆದೇಶ ಬಂತು. ಪ್ರಜಾಪ್ರಾತಿನಿಧ್ಯ ಕಾಯ್ದೆಯ 126ನೇ ಕಲಮಿನಂತೆ ಮತದಾನ ಮುಗಿಯುವ ಮುಂಚಿನ 48 ಗಂಟೆ ಬಹಿರಂಗ ಪ್ರಚಾರ ನಿಷಿದ್ಧ. ಮೈಕು ನಿಲ್ಲುತ್ತದೆ, ಹೊರಕ್ಷೇತ್ರದ ಮುಖಂಡರು ಊರು ಬಿಡುತ್ತಾರೆ. ಗ್ರೂಪುಗಳು ಅತಿ ಹೆಚ್ಚು ಗದ್ದಲ ಮಾಡುವುದು ಅದೇ ಎರಡು ದಿನ. ಹಣ ಹಂಚಿದರೆಂಬ ನೈಜ ಮತ್ತು ಕೃತಕ ವಿಡಿಯೊಗಳು, ಅಭ್ಯರ್ಥಿ ಕಣದಿಂದ ಹಿಂದೆ ಸರಿದರೆಂಬ ಸುದ್ದಿ, ಸಮಾಜದ ಗುರುಗಳು ಇಂಥವರಿಗೆ ಮತ ಹಾಕಲು ಹೇಳಿದರೆಂಬ ಸಹಿಯಿಲ್ಲದ ಪತ್ರ ಹೊರಬೀಳುವುದು ಆಗಲೇ. ಮತದಾನದ ದಿನ ಮಧ್ಯಾಹ್ನದ ಹೊತ್ತಿಗೆ ಬೂತ್ ಏಜೆಂಟನ ಪಟ್ಟಿಯಲ್ಲಿ ಇನ್ನೂ ಗುರುತು ಬೀಳದ ಹೆಸರುಗಳು ಪೇಜ್ ಪ್ರಮುಖನ ಫೋನಿಗೆ ಬರುತ್ತವೆ. ಅಲ್ಲಿಂದ ಮುಂದಿನ ಕೆಲಸ ಬೈಕಿನದು: ಮನೆಗೆ ಹೋಗಿ, ಬಾಗಿಲು ಬಡಿದು, ‘ಏಳ್ರಿ ಅಜ್ಜಾರ, ಹೋಗೂಣ’ ಎಂದು ಕರೆದು ಕೂರಿಸಿಕೊಂಡು ಬರುವುದು.